ಹಾರ್ಡ್ ಡಿಸ್ಕಿಗೊಂದು ಸೂಚನಾ ದೀಪ

ಗಣಕಯಂತ್ರದ ಹಾರ್ಡ್ ಡಿಸ್ಕು ಮುಚ್ಚಿದ ಪೆಟ್ಟಿಗೆಯೊಳಗೆ ದುಡಿಯುವದರಿಂದ ಅದರ ಕೆಲಸವು ನಮ್ಮ ಕಣ್ಣಿಗೆ ತೋರದು. ಬರೆಯುತ್ತಿರುವಾಗಲೇ ವಿದ್ಯುತ್ತನ್ನು ಕಡಿದರೆ ಬರಹವು ಕೆಟ್ಟುಹೋಗಬಹುದು. ಆದುದರಿಂದ ಅದಕ್ಕೊಂದು ಚಿಕ್ಕ ದೀಪವನ್ನು ಜೋಡಿಸುವ ಕ್ರಮವನ್ನು ನಾವು ತಿಳಿಯೋಣ.

ಹಳೆಯ ಐಡಿಇ ಡಿಸ್ಕಿನ 40 ಪಿನ್ನುಗಳಲ್ಲಿ 39ನೆಯದು ಕೆಲಸದ ಸೂಚನೆಯನ್ನು ಕೊಡುವದು. ಡಿಸ್ಕು ದುಡಿಯುವಾಗ ಅದರ ವೋಲ್ಟೇಜು ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ. ಯಂತ್ರವನ್ನು ನಿಲ್ಲಿಸಿ, ವಿದ್ಯುತ್ ಸಂಬಂಧವನ್ನು ತಪ್ಪಿಸಿದ ಮೇಲೆ, 5 ವೋಲ್ಟಿನ ಕೆಂಪು ತಂತಿಯನ್ನು 330 ಓಮಿನ ರೋಧಕದ ಮೂಲಕ ಎಲ್‌ಇಡಿಯ ಉದ್ದ ಕಾಲಿಗೂ, ಗಿಡ್ಡ ಕಾಲನ್ನು 39ನೆಯ ಪಿನ್ನಿಗೂ ಸೇರಿಸಬೇಕು. ರೋಧಕವಿಲ್ಲದಿದ್ದರೆ ಪ್ರವಾಹವು ಮಿತಿಮೀರಿ ಕೇಡಾಗುವದು.

ದೀಪವು ಓದುವಾಗಲೂ ಬರೆಯುವಾಗಲೂ ಮಿನುಗುವದು. ಅದು ಆರಿದ ಮೇಲೆಯೂ ಬರೆಯತಕ್ಕ ಸಂಗತಿಯು ಯಂತ್ರದ ಸ್ಮೃತಿಯಲ್ಲಿ ಉಳಿದಿರಬಹುದು. ಹೀಗಿರುವದರಿಂದ ನಾವು ದೀಪವನ್ನು ಮಾತ್ರ ನಂಬದೆ, ಯಂತ್ರವನ್ನು ಕ್ರಮವಾಗಿ ಮುಚ್ಚಿದ ತರುವಾಯವೇ ವಿದ್ಯುತ್ತನ್ನು ನಿಲ್ಲಿಸತಕ್ಕದ್ದು.