ಬೋಳಜ್ಜನ ಜುಟ್ಟು

ಮಗಾ, ಅಟ್ಟದ ಡಬ್ಬಿಯಿಂದ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ನೀನು ಹಾಕಿದ ಹಳೆಯ ಫೋಟೋಗಳನ್ನು ನೋಡಿದೆ. "ಉದ್ದ ಕೂದಲು ನಮ್ಮ ಮನೆಗೆ ಹೊಸತಲ್ಲ" ಎಂದು ಕೆಳಗೆ ಬರೆದದ್ದನ್ನೂ ಓದಿದೆ. ಅದು ಯಾರಿಗೆ ಕೊಟ್ಟ ಉತ್ತರ ಎಂದು ತಿಳಿಯಲಿಕ್ಕೆ ದೊಡ್ಡ ಬುದ್ಧಿ ಬೇಡ. ನಿನ್ನ ಅಮ್ಮ ಆಗಲೇ ನನಗೆ ಫೋನು ಮಾಡಿ, "ಅಣ್ಣಾ, ನೀನಾದರೂ ಹೇಳು ಅವನಿಗೆ, ಆ ತಲೆಯ ಗಂಟು ತೆಗೆಸಲಿಕ್ಕೆ" ಎಂದಿದ್ದಾಳೆ. ನಾನು ಹೇಳುವುದಿಲ್ಲ. ತಲೆ ನಿನ್ನದು, ಎಣ್ಣೆಯ ಖರ್ಚೂ ನಿನ್ನದು. ಆದರೆ ಫೋಟೋಗಳು ನಿನ್ನವು ಮಾತ್ರ ಅಲ್ಲ ಮಾರಾಯ. ನಾನು ಮಾತಾಡುವುದು ಅವುಗಳ ಬಗ್ಗೆ.

ಕೂದಲು ಕಣ್ಣಿಗೆ ಬೀಳುವ ಫೋಟೋಗಳನ್ನಷ್ಟೇ ಆರಿಸಿ ಹಾಕಿದ್ದೀ. ಸಿದ್ಧಕಟ್ಟೆ ಮನೆಯ ಚಾವಡಿಯಲ್ಲಿ ತೆಗೆದ ಗುಂಪಿನ ಫೋಟೋ ಮಾತ್ರ ಬಿಟ್ಟಿದ್ದೀ. ಕೇಳಿದರೆ "ಅದರಲ್ಲಿ ಎಲ್ಲರೂ ಬೋಳು" ಎಂದೆಯಂತೆ. ಮಧ್ಯದಲ್ಲಿ ಕುರ್ಚಿಯ ಮೇಲೆ ಕೂತವರು ನನ್ನ ಅಜ್ಜ. ನಿನ್ನ ಡಬ್ಬಿಯಲ್ಲಿರುವ ಅಷ್ಟೂ ಗಂಡಸರಲ್ಲಿ ಅತ್ಯಂತ ಉದ್ದ ಕೂದಲು ಇದ್ದದ್ದು ಅವರಿಗೇ. ಎಣ್ಣೆಸ್ನಾನದ ದಿನ ಬಿಚ್ಚಿ ಹರವಿದರೆ ಬೆನ್ನಿನ ಅರ್ಧ ಮುಚ್ಚುತ್ತಿತ್ತು. ಹಣೆಯ ಮೇಲೆ, ಕಿವಿಯ ಸುತ್ತ ನುಣ್ಣಗೆ ಕ್ಷೌರ. ನೆತ್ತಿಯಿಂದ ಹಿಂದಕ್ಕೆ ಬೆಳೆದದ್ದನ್ನೆಲ್ಲ ಎಣ್ಣೆ ಹಾಕಿ ತಿರುಚಿ ಗಂಟು. ಕ್ಯಾಮರಾ ಇದ್ದದ್ದು ಎದುರಿಗೆ, ಜುಟ್ಟು ಇದ್ದದ್ದು ಹಿಂದೆ. ಹಾಗಾಗಿ ನೂರು ವರ್ಷದ ಹಿಂದೆ ಎದುರುಮುಖವಾಗಿ ಕೂತ ಜುಟ್ಟಿನವರೆಲ್ಲ ನಿಮ್ಮ ಕಣ್ಣಿಗೆ ಬೋಳರಾಗಿಬಿಟ್ಟಿದ್ದಾರೆ.

ಇನ್ನೊಮ್ಮೆ ಆ ಫೋಟೋ ತೆಗೆದು ದೊಡ್ಡದು ಮಾಡಿ ನೋಡು. ಎಡಗಿವಿಯ ಒಂಟಿಯ ಹಿಂದೆ ಕಪ್ಪಗೆ ಉಬ್ಬಿದ್ದು ಕಾಣುತ್ತದಲ್ಲ, ಅದು ನೆರಳಲ್ಲ. ಕೊನೆಯಲ್ಲಿ ನಿಂತ ಆಳು ಮುಟ್ಟಾಳೆ ಕೈಯಲ್ಲಿ ಹಿಡಿದು ತಲೆಯನ್ನು ಸ್ವಲ್ಪ ವಾಲಿಸಿದ್ದಾನೆ. ಅವನ ಜುಟ್ಟು ಪಕ್ಕಕ್ಕೆ ಕಟ್ಟಿದ್ದು, ಸ್ಪಷ್ಟವಾಗಿ ಕಾಣುತ್ತದೆ. ಪೇಟ, ಮುಂಡಾಸು ಸುತ್ತಿದವರದ್ದು ಮಾತ್ರ ದೇವರಿಗೇ ಗೊತ್ತು.

ಜುಟ್ಟು ಎಂದರೆ ಬ್ರಾಹ್ಮಣರದ್ದು ಎಂದು ಈಗಿನ ಸಿನೆಮಾ ನೋಡಿದವರು ತಿಳಿದಿದ್ದಾರೆ. ನಮ್ಮ ಊರಿನಲ್ಲಿ ಬಂಟರು, ಬಿಲ್ಲವರು, ಜೈನರು, ಗೌಡರು ಎಂದು ಎಲ್ಲರ ಮನೆಯ ಹಿರಿಯರಿಗೂ ಇತ್ತು. ಅದು ಮತದ ಗುರುತೋ ಬರಿಯ ರೂಢಿಯೋ ಎಂಬುದು ದೊಡ್ಡ ಜಗಳವೇ ಆಗಿತ್ತು. ಮತಾಂತರವಾದವರು ಜುಟ್ಟು ಕತ್ತರಿಸಲೇಬೇಕು ಎಂದು ಹಲವು ಪಾದ್ರಿಗಳು ಹಟ ಹಿಡಿದಾಗ, ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್, ತಾನೂ ಪಾದ್ರಿಯೇ ಆಗಿದ್ದು, 1867ರಲ್ಲಿ ಒಂದು ಪುಸ್ತಿಕೆ ಬರೆದು ಇದು ನಾಡಿನ ರೂಢಿ, ಮತದ್ದಲ್ಲ ಎಂದು ವಾದಿಸಿದ. ಒಂದು ಹಿಡಿ ಕೂದಲಿನ ಮೇಲೆ ಒಬ್ಬ ಪಂಡಿತ ಪುಸ್ತಿಕೆ ಬರೆಯಬೇಕಾಯಿತು ಎಂದರೆ ಅದರ ಭಾರ ಎಷ್ಟಿತ್ತು ನೋಡು.

ಆಮೇಲೆ ಕ್ರಾಪು ಬಂತು. ಮಂಗಳೂರಿನ ಹೈಸ್ಕೂಲಿಗೆ ಹೋದ ಹುಡುಗ ರಜೆಯಲ್ಲಿ ಕ್ರಾಪು ಬಿಟ್ಟುಕೊಂಡು ಬಂದರೆ ಮನೆಯಲ್ಲಿ ಸೂತಕದ ಹಾಗೆ ಆಗುತ್ತಿತ್ತಂತೆ. ಜಪಾನಿನಲ್ಲಿ ಗಂಡಸರ ಜುಟ್ಟು ಬಿಡಿಸಲಿಕ್ಕೆ 1871ರಲ್ಲಿ ಸರಕಾರವೇ ಆಜ್ಞೆ ಹೊರಡಿಸಿ, 1873ರಲ್ಲಿ ಚಕ್ರವರ್ತಿ ತಾನೇ ತಲೆ ಕೊಟ್ಟು ತೋರಿಸಬೇಕಾಯಿತು. ನಮ್ಮಲ್ಲಿ ಯಾವ ಆಜ್ಞೆಯೂ ಇಲ್ಲದೆ ಶಾಲೆ, ಕಛೇರಿ, ಮುಂಬಯಿಯ ಹೋಟೆಲು ಸೇರಿ ಆ ಕೆಲಸ ಮುಗಿಸಿದವು. ನಿನ್ನ ಅಮ್ಮ ಈಗ ಯಾವ ಗಿಡ್ಡ ಕೂದಲಿಗಾಗಿ ಹಟ ಮಾಡುತ್ತಿದ್ದಾಳೋ ಅದಕ್ಕಾಗಿ ಅವಳ ಅಜ್ಜನ ತಮ್ಮ ಬೈಗಳು ತಿಂದಿದ್ದ. ಇದನ್ನು ಬೇಕಾದರೆ ಅವಳಿಗೆ ಹೇಳು, ನಾನು ಹೇಳಿದ್ದು ಎನ್ನಬೇಡ.

ಈಗ ನೀನು ಹಾಕಿದ ಫೋಟೋಗಳಿಗೆ ಬರುತ್ತೇನೆ. ಎಲ್ಲವನ್ನೂ "ಉದ್ದ ಕೂದಲು" ಎಂದು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೀ. ಅದೇ ನನಗೆ ಸರಿ ಕಾಣದ್ದು. ಅವರಲ್ಲಿ ಒಬ್ಬರ ಕೂದಲಿಗೂ ಇನ್ನೊಬ್ಬರದ್ದಕ್ಕೂ ಸಂಬಂಧವೇ ಇಲ್ಲ.

ಗಡ್ಡ ಬೆಳೆದು, ಕುತ್ತಿಗೆಯ ಮೇಲೆ ಕೂದಲು ಇಳಿದು, ಕಾಡಿನಿಂದ ಎದ್ದು ಬಂದವರ ಹಾಗೆ ನಿಂತಿದ್ದಾರಲ್ಲ, "ರಾಕ್‌ಸ್ಟಾರ್ ಅಜ್ಜ" ಎಂದು ಬರೆದಿದ್ದೀ, ಅವರು ದೊಡ್ಡಜ್ಜ. ಹೆಂಡತಿ ಬಸುರಿಯಾಗಿದ್ದಾಗ ಗಂಡ ಕ್ಷೌರ ಮಾಡಿಸಬಾರದು ಎಂಬ ಕಟ್ಟು ಹಲವು ಮನೆಗಳಲ್ಲಿ ಇತ್ತು, ಕೆಲವು ಕಡೆ ಈಗಲೂ ಉಂಟು. ಆ ಫೋಟೋ ತೆಗೆಯುವಾಗ ದೊಡ್ಡಜ್ಜಿಗೆ ದಿನ ತುಂಬುತ್ತಾ ಬಂದಿತ್ತು. ಹಾಗಾದರೆ ಹುಟ್ಟಿದ ಮಗುವಿನ ಜಾತಕ ತೆಗೆದರೆ ಫೋಟೋ ಯಾವ ತಿಂಗಳಿನದ್ದು ಎಂಬುದೇ ಸಿಕ್ಕಿಬಿಡುತ್ತದೆ. ಹಿಂದುಗಡೆ ಯಾರೂ ತಾರೀಕು ಬರೆಯದ ಫೋಟೋಕ್ಕೆ ಕೂದಲೇ ತಾರೀಕು ಕೊಡುತ್ತದೆ. ಹರಕೆಯವರದ್ದೂ ಹೀಗೆಯೇ. ತಿರುಪತಿಗೋ ಧರ್ಮಸ್ಥಳಕ್ಕೋ ಮುಡಿ ಕೊಡುತ್ತೇನೆ ಎಂದು ಹೇಳಿಕೊಂಡವರು ಹೋಗಿ ಬರುವವರೆಗೆ ಕತ್ತರಿ ಮುಟ್ಟಿಸುತ್ತಿರಲಿಲ್ಲ. ಮನೆಯಲ್ಲಿ ಏನು ಕಷ್ಟ ಇತ್ತು ಎಂಬುದು ಆ ಕೂದಲಿನ ಹಿಂದೆ ಇರುತ್ತದೆ.

ಕನ್ನಡಿಯ ಎದುರು ಕೂತು ಮುಖಕ್ಕೆ ಬಣ್ಣ ಹಚ್ಚುತ್ತಿರುವವರು ಯಕ್ಷಗಾನದವರು, ಸ್ತ್ರೀವೇಷದವರು. ಮೇಳಗಳಲ್ಲಿ ದ್ರೌಪದಿ, ದಮಯಂತಿ, ದೇವಿ ಎಲ್ಲ ಗಂಡಸರೇ ಆಗಿದ್ದ ಕಾಲ. ಕೂದಲು ಅವರ ಕಸುಬಿನ ಬಂಡವಾಳ. ಸ್ವಂತದ್ದು ಸಾಲದಿದ್ದರೆ ಚೌರಿ ಸೇರಿಸುವುದು. ಪತ್ತನಾಜೆಗೆ ಮೇಳದ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ ಮೇಲೂ ಕೂದಲು ಬಿಚ್ಚಿ ಇಡಲಿಕ್ಕಾಗುವುದಿಲ್ಲವಲ್ಲ. ಮಳೆಗಾಲದ ನಾಲ್ಕು ತಿಂಗಳು ಅದೇ ಜಡೆಯಲ್ಲಿ ಗದ್ದೆಗೂ ಇಳಿಯಬೇಕು, ಸಂತೆಗೂ ಹೋಗಬೇಕು, ಮಾತೂ ಕೇಳಬೇಕು. ಕಲಾವಿದನ ರಂಗದ ಮೇಲಿನ ಫೋಟೋ ಬೇಕಾದಷ್ಟು ಸಿಗುತ್ತದೆ. ಹೀಗೆ ಚೌಕಿಯಲ್ಲಿ, ಅರ್ಧ ಬಣ್ಣದಲ್ಲಿ ತೆಗೆದದ್ದು ಅಪರೂಪ. ಅದರ ಕೆಳಗೆ ನಗುವ ಚಿಹ್ನೆ ಹಾಕಿದ್ದೀಯಲ್ಲ, ಅದನ್ನು ಇವತ್ತೇ ತೆಗೆ.

ಮತ್ತೊಂದು, ದೈವಕ್ಕೆ ಕೋಲ ಕಟ್ಟುವವರ ಫೋಟೋ. 2022ರಲ್ಲಿ ಕಾಂತಾರ ಸಿನೆಮಾ ಬಂದ ಮೇಲೆ ಇಂಥ ಚಿತ್ರಗಳಿಗೆ ಎಲ್ಲಿಲ್ಲದ ಬೆಲೆ ಬಂದಿದೆ. ಪಂಬದ, ಪರವ, ನಲಿಕೆಯವರಲ್ಲಿ ಅನೇಕರು ಇಂದಿಗೂ ಕೂದಲು ಬಿಟ್ಟು ಗಂಟು ಹಾಕುತ್ತಾರೆ. ಅದು ಅವರಿಗೆ ದೈವದ ಕೆಲಸದ ಭಾಗ, ನಮಗೆ ಸ್ಟೈಲಿಗೆ ಎತ್ತಿಕೊಳ್ಳುವ ಸರಕಲ್ಲ. ಥರ್ಸ್ಟನ್ ಎಂಬವನು 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ತಂದ. ಅದರಲ್ಲಿ ನಮ್ಮ ಕಡೆಯ ಭೂತ ಕಟ್ಟುವವರ ಚಿತ್ರಗಳೂ ಇವೆ. ಕೆಳಗೆ ಬರೆದದ್ದು ಜಾತಿಯ ಹೆಸರು ಮಾತ್ರ; ನಿಂತ ಮನುಷ್ಯನಿಗೆ ಹೆಸರಿಲ್ಲ. ಸಾಹೇಬನಿಗೆ ಅದು ಬೇಕಿರಲಿಲ್ಲ ಎನ್ನೋಣ. ನೀನೂ ಅದನ್ನೇ ಮಾಡಿದರೆ ಹೇಗೆ? ನೀನು ಹಾಕಿದ ಫೋಟೋದಲ್ಲಿರುವವರು ನಮ್ಮ ಮನೆಯ ದೈವಕ್ಕೆ ಕಟ್ಟುತ್ತಿದ್ದವರು, ಮೊಮ್ಮಕ್ಕಳು ಇದ್ದಾರೆ. ಹೋಗಿ ಕೇಳು, ಒಂದು ಪ್ರತಿ ಅವರಿಗೂ ಕೊಡು, ಹಾಕಬಹುದು ಎಂದರೆ ಮಾತ್ರ ಗುಂಪಿನಲ್ಲಿ ಇರಲಿ.

ಬೆಲ್‌ಬಾಟಮ್ ಹಾಕಿ, ಕಿವಿ ಮುಚ್ಚುವಷ್ಟು ಕೂದಲು ಬಿಟ್ಟು ಮುಂಬಯಿಯ ಸ್ಟುಡಿಯೋದಲ್ಲಿ ನಿಂತವನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರಿಗೆ ಬಂದಾಗ ಎಲ್ಲರೂ "ಹಿಪ್ಪಿ" ಎನ್ನುತ್ತಿದ್ದರು. ಅದು ನಾನೇ.

ಇನ್ನೊಂದು ವಿಷಯ. ಯಾವುದೋ ಆ್ಯಪಿನಲ್ಲಿ ಹಾಕಿ ಅಜ್ಜನಿಗೆ ಬಣ್ಣ ಬರಿಸಿದ್ದೀ. ಕ್ಷೌರ ಮಾಡಿದ ಹಣೆಯ ಮೇಲೆ ಅದು ತಾನಾಗಿಯೇ ಕೂದಲು ಬೆಳೆಸಿದೆ, ಹಣೆಯ ಕುಂಕುಮವನ್ನು ಕಪ್ಪು ಮಾಡಿದೆ. ಆಗಿನ ಕಾಲದ ಪ್ಲೇಟುಗಳಿಗೆ ಕೆಂಪು ಹಿಡಿಯುತ್ತಿರಲಿಲ್ಲ, ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು. ಯಂತ್ರಕ್ಕೆ ಅದು ಎಲ್ಲಿಂದ ತಿಳಿಯಬೇಕು? ಆಟಕ್ಕೆ ಮಾಡು, ಆದರೆ ಮೂಲದ ಜೊತೆ ಕಲಸಬೇಡ. ಈಗಾಗಲೇ ಬೇಕಾದಷ್ಟು ಕಲಸುಮೇಲೋಗರ ಆಗಿದೆ. ಮೊನ್ನೆ ಯಾರೋ, ಬ್ರಿಟಿಷರ ವಿರುದ್ಧ ಎದ್ದ ಕಲ್ಯಾಣಪ್ಪನ ದಂಗೆಯವರ "ಅಸಲಿ ಫೋಟೋ" ಎಂದು, ಜಡೆ ಬಿಟ್ಟ ವೀರರ ಚಿತ್ರ ಕಳಿಸಿದ್ದರು. ಆ ದಂಗೆ ನಡೆದದ್ದು 1837ರಲ್ಲಿ. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಪ್ರಕಟವಾದದ್ದೇ 1839ರಲ್ಲಿ, ಅದೂ ಪ್ಯಾರಿಸಿನಲ್ಲಿ! ನಮ್ಮ ಜಿಲ್ಲೆಯ ನಿಜವಾದ ಹಳೆಯ ಮುಖಗಳು ನೋಡಬೇಕಾದರೆ ಬಾಸೆಲ್ ಮಿಷನ್ನಿನವರ ಸಂಗ್ರಹ ನೋಡು. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆಮೇಲೆ ತೆಗೆದ ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿವೆ, ಇಂಟರ್‌ನೆಟ್ಟಿನಲ್ಲೂ ಸಿಗುತ್ತವೆ.

ಡಬ್ಬಿಯನ್ನು ಅಟ್ಟಕ್ಕೆ ಮರಳಿ ಏರಿಸಬೇಡ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಹೆಂಚಿನ ಅಡಿ ಕಾಗದ ಉಳಿಯುವುದಿಲ್ಲ. ಬಂಟ್ವಾಳ ಪೇಟೆಯ ಎಷ್ಟು ಮನೆಗಳ ಫೋಟೋಗಳು 1923ರ ಮಾರಿಬೊಳ್ಳ ಎಂಬ ಮಹಾನೆರೆಯಲ್ಲಿ, ಮತ್ತೆ 1974ರ ನೆರೆಯಲ್ಲಿ ನೇತ್ರಾವತಿಯ ಪಾಲಾದವೋ! ನಮ್ಮದು ಎತ್ತರದ ಮನೆಯಾದ್ದರಿಂದ ಉಳಿಯಿತು, ಅಷ್ಟೆ. ಗಾಜಿಗೆ ಅಂಟಿಕೊಂಡದ್ದನ್ನು ಎಳೆಯಬೇಡ, ಮುಖವೇ ಕಿತ್ತು ಬರುತ್ತದೆ. ಗಾಜಿನ ಮೇಲಿಂದಲೇ ಫೋಟೋ ತೆಗೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಜಗಲಿಯ ನೆರಳಿನ ಬೆಳಕು ಸಾಕು, ಫ್ಲಾಶ್ ಹಾಕಬೇಡ. ಹಿಂದಿನ ಬದಿಯನ್ನೂ ತೆಗೆ, ಸ್ಟುಡಿಯೋದ ಮೊಹರು ಅಲ್ಲಿರುತ್ತದೆ. ಹೆಸರು ಬರೆಯುವುದಾದರೆ ಮೆತ್ತಗಿನ ಪೆನ್ಸಿಲಿನಲ್ಲಿ, ಅಂಚಿನಲ್ಲಿ. ಬಾಲ್‌ಪೆನ್ನು ಒತ್ತಿ ಬರೆದರೆ ಅಜ್ಜನ ಕೆನ್ನೆಯ ಮೇಲೆ ಅಕ್ಷರ ಏಳುತ್ತದೆ. ಯಾರೆಂದು ಗೊತ್ತಾಗದ್ದನ್ನು ಗುಜರಿಗೆ ಹಾಕುವ ಮೊದಲು ಬಿ.ಸಿ.ರೋಡಿನ ತುಳು ಬದುಕು ವಸ್ತುಸಂಗ್ರಹಾಲಯದಲ್ಲೋ ಧರ್ಮಸ್ಥಳದ ಮಂಜೂಷಾದಲ್ಲೋ ತೋರಿಸಿ ಬಾ.

ಅದಕ್ಕಿಂತ ಮೊದಲು ವೇಣೂರಿನ ಅತ್ತೆಯ ಮನೆಗೆ ಹೋಗು. ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಮಧ್ಯಾಹ್ನದ ಮೇಲೆ ಹೋಗಬೇಡ, ಮಲಗುತ್ತಾರೆ. ಫೋಟೋ ಕೈಗೆ ಕೊಡುವ ಬದಲು ನಿನ್ನ ದೊಡ್ಡ ಟ್ಯಾಬಿನಲ್ಲಿ ಮುಖ ಹಿಗ್ಗಿಸಿ ತೋರಿಸು, ತುಳುವಿನಲ್ಲೇ ಕೇಳು, ಧ್ವನಿ ರೆಕಾರ್ಡ್ ಮಾಡಿಕೋ. ಇವರು ಯಾರು ಎಂದು ಕೇಳಿದರೆ ಒಂದು ಹೆಸರು ಹೇಳಿ ಸುಮ್ಮನಾಗುತ್ತಾರೆ. ಇವರು ಕೂದಲು ಯಾಕೆ ಬಿಟ್ಟಿದ್ದರು ಎಂದು ಕೇಳು. ಆಮೇಲೆ ಸಂಜೆಯ ಬಸ್ಸು ತಪ್ಪಿದರೆ ನನ್ನನ್ನು ಬೈಯಬೇಡ.