ಬಿದ್ದವನು ಎದ್ದ ಮೇಲೂ

ಪ್ರಶ್ನೆ: ನಮ್ಮ ಯುವಕ ಮಂಡಲ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸಿತ್ತು. ರೈಡ್‌ಗೆ ಹೋದ ನಮ್ಮ ಹುಡುಗನ ತಲೆಗೆ ಎದುರಾಳಿಯ ಮೊಣಕಾಲು ಬಡಿದು ಬಿದ್ದ. ಮುಖಕ್ಕೆ ನೀರು ಚಿಮುಕಿಸಿದೆವು. ಎದ್ದು ಕೂತ, ಉಳಿದ ಆಟವನ್ನೂ ಆಡಿದ. ರಾತ್ರಿ ಎರಡು ಸಲ ವಾಂತಿಯಾಯಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಸರಿಯಿದೆ ಎಂದರು. ನಾವು ಎಡವಿದ್ದೆಲ್ಲಿ? ಇಂಥದ್ದನ್ನು ಬರೆದಿಡಬೇಕೆಂದು ಕೆಲವರು, ಬರೆದರೆ ಕೇಸಾಗುತ್ತದೆಂದು ಕೆಲವರು. ಏನು ಮಾಡಲಿ?
– ಕಾರ್ಯದರ್ಶಿ, ಬೆಳ್ತಂಗಡಿ ತಾಲ್ಲೂಕು

ಉತ್ತರ: 'ಉಳಿದ ಆಟವನ್ನೂ ಆಡಿದ' ಎಂದು ಬರೆದಿದ್ದೀರಲ್ಲ, ಎಡವಿದ್ದು ಅಲ್ಲೇ. ಅವನು ಎದ್ದದ್ದು ನೀವು ಚಿಮುಕಿಸಿದ ನೀರಿನಿಂದಲ್ಲ. ತಲೆಗೆ ಪೆಟ್ಟು ಬಿದ್ದು ಒಂದು ಕ್ಷಣ ಮಂಕಾದರೂ ಆ ದಿನ ಅವನ ಆಟ ಮುಗಿಯಿತು, ಫೈನಲ್ಸೇ ಇರಲಿ. ಮಿದುಳು ಅಲುಗಿ ಆಗುವ ಈ ತೊಂದರೆಗೆ ಕನ್‌ಕಷನ್ ಎನ್ನುತ್ತೇವೆ. ಅದು ಸಾಮಾನ್ಯವಾಗಿ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಹಾಗಾಗಿ ತಲೆನೋವು, ಮಂಪರು ಪೂರ್ತಿ ಹೋಗಿ, ವೈದ್ಯರು ಹೂಂ ಎನ್ನುವವರೆಗೆ ಹುಡುಗನನ್ನು ಅಂಕಣಕ್ಕೆ ಇಳಿಸಬೇಡಿ.

2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಕತ್ತಿಗೆ ಬಡಿಯಿತು. ಹೊರಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದು ಮತ್ತೆ ಬ್ಯಾಟ್ ಹಿಡಿದರು. ಮಾರನೆಯ ಬೆಳಿಗ್ಗೆ ತಲೆನೋವು, ಮಂಕು. ಅದೇ ತಿಂಗಳು ಜಾರಿಗೆ ಬಂದಿದ್ದ ಕನ್‌ಕಷನ್ ಬದಲಿ ಆಟಗಾರನ ನಿಯಮದಂತೆ ಅವರ ಬದಲಿಗೆ ಮಾರ್ನಸ್ ಲಬುಶೇನ್ ಆಡಿದರು. ವೈದ್ಯರು ಪಕ್ಕದಲ್ಲೇ ಇದ್ದವರಿಗೇ ಹೀಗಾಯಿತು. ನಿಮ್ಮ ಮೈದಾನದಲ್ಲಿ ಇದ್ದದ್ದು ಒಂದು ಬಿಂದಿಗೆ ನೀರು.

ಪೆಟ್ಟಾದವನನ್ನು ಒಂಟಿಯಾಗಿ ಬಿಡಬೇಡಿ, ಬೈಕ್ ಕೊಡಬೇಡಿ, ಸಮಾಧಾನಕ್ಕೆಂದು ಬಿಯರ್ ಕುಡಿಸಬೇಡಿ. ಮತ್ತೆ ಮತ್ತೆ ವಾಂತಿ, ಏರುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ಫಿಟ್ಸ್, ಮೂಗು ಕಿವಿಯಿಂದ ನೀರಿನಂಥ ದ್ರವ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎನ್ನಬೇಡಿ. ಕತ್ತು ನೋವೆಂದರೆ, ಕೈಕಾಲು ಜುಮುಗುಟ್ಟುತ್ತದೆಂದರೆ ಇಬ್ಬರು ಕೈಕಾಲು ಹಿಡಿದು ಎತ್ತುವ ಸಾಹಸವೂ ಬೇಡ. ಆಂಬುಲೆನ್ಸ್ ಬರುವವರೆಗೆ ಮಲಗಿದ್ದಲ್ಲೇ ಇರಲಿ.

ಇನ್ನು ಬರೆದಿಡುವ ಮಾತು. ನಾನು ಕ್ಯಾಶುಯಾಲ್ಟಿಯಲ್ಲಿದ್ದಾಗ ಒಂದು ರಾತ್ರಿ ನಾಲ್ವರು ಓಮ್ನಿಯಲ್ಲಿ ಒಬ್ಬನನ್ನು ತಂದರು. "ಬಚ್ಚಲಲ್ಲಿ ಜಾರಿದ ಸಾರ್." ಮೊಣಕೈ ತುಂಬ ಕೆಂಪು ಮಣ್ಣು, ಬೆನ್ನ ಮೇಲೆ ದೊಡ್ಡದಾಗಿ 7. ಬಚ್ಚಲಿಗೆ ಯಾರೂ ಜೆರ್ಸಿ ತೊಟ್ಟು ಹೋಗುವುದಿಲ್ಲ. ಎಷ್ಟು ಹೊತ್ತು ಪ್ರಜ್ಞೆ ತಪ್ಪಿತ್ತು ಎಂದರೆ ನಾಲ್ವರದೂ ನಾಲ್ಕು ಲೆಕ್ಕ. ನಡುವೆ ಎದ್ದು ಮಾತಾಡಿದ್ದನೇ ಎಂಬುದು ನನಗೆ ತಿಳಿಯಬೇಕಿತ್ತು. ಎದ್ದು ಮಾತಾಡಿದವನು ಮತ್ತೆ ಮಂಕಾದರೆ ತಲೆಬುರುಡೆಯೊಳಗೆ ರಕ್ತ ಕಟ್ಟುತ್ತಿರಬಹುದು. ಆ ಒಂದು ಮಾತು ಹೊರಡಿಸಲು ಹತ್ತು ನಿಮಿಷ ಹೋಯಿತು. ಅವರಿಗಿದ್ದದ್ದೂ ನಿಮ್ಮವರದೇ ಹೆದರಿಕೆ.

ಗಾಯವನ್ನು ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಎಂದು ದಾಖಲಿಸಿ ಠಾಣೆಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ತಿಳಿಸಿದ ಮಾತ್ರಕ್ಕೆ ನೀವು ಆರೋಪಿಗಳಾಗುವುದಿಲ್ಲ. ಪೊಲೀಸ್ ವಿಧಿಗಳಿಗಾಗಿ ತುರ್ತು ಚಿಕಿತ್ಸೆ ತಡವಾಗಕೂಡದೆಂದು ಸುಪ್ರೀಂ ಕೋರ್ಟ್ 1989ರಲ್ಲೇ, ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ.

ಪುಟಕ್ಕೆ ನಂಬರಿರುವ ಒಂದು ಗಟ್ಟಿ ಪುಸ್ತಕ ಸಾಕು. ಎಷ್ಟು ಗಂಟೆಗೆ, ಹೇಗೆ ಬಿದ್ದ, ಎಷ್ಟು ನಿಮಿಷ ಪ್ರಜ್ಞೆ ಇರಲಿಲ್ಲ, ಎದ್ದು ಏನೆಂದ, ನೀವೇನು ಮಾಡಿದಿರಿ, ಮನೆಯವರಿಗೆ ಯಾವಾಗ ಫೋನ್ ಮಾಡಿದಿರಿ, ನೋಡಿದವರು ಯಾರು. ಅದೇ ರಾತ್ರಿ ಬರೆಯಿರಿ. ಕಂಡದ್ದಷ್ಟೇ ಬರೆಯಿರಿ, ತಪ್ಪು ಯಾರದೆಂಬ ತೀರ್ಪು ಬೇಡ. ಆ ಪುಟದ ಫೋಟೊ ರೋಗಿಯ ಜೊತೆಗೇ ಆಸ್ಪತ್ರೆಗೆ ಹೋಗಲಿ. ಬಿದ್ದ ವಿಡಿಯೊ ಇದ್ದರೆ ವೈದ್ಯರಿಗೆ ತೋರಿಸಿ, ಸ್ಟೇಟಸ್‌ಗೆ ಹಾಕಬೇಡಿ. ಯಾರಿಗೂ ಗಾಯವಾಗದಿದ್ದರೂ ಮ್ಯಾಟ್‌ನ ಅಂಚು ಎದ್ದಿತ್ತು, ದೀಪದ ಕಂಬ ಅಂಕಣಕ್ಕೆ ತೀರ ಹತ್ತಿರವಿತ್ತು ಎಂಬುದೂ ಅದರಲ್ಲಿರಲಿ. ಮುಂದಿನ ವರ್ಷ ಕಂಬ ನೆಡುವ ಮುನ್ನ ಆ ಪುಟ ತೆರೆಯಿರಿ.

ಪ್ರಶ್ನೆ: ಯಾರೂ ತಾಗದೆ ಆಟಗಾರ ದಿಢೀರನೆ ಕುಸಿದರೆ?
– ವಾಲಿಬಾಲ್ ತರಬೇತುದಾರರು, ಶಿರಸಿ

ಉತ್ತರ: ಕರೆದರೆ ಓಗೊಡದೆ, ಉಸಿರಾಡದೆ ಅಥವಾ ಆಗೊಮ್ಮೆ ಈಗೊಮ್ಮೆ ಗೊರಗೊರ ಎಂದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಕೈಗೆ ಬೀಗದ ಕೈ ಕೊಡುತ್ತ, ಈರುಳ್ಳಿ ಮೂಸಿಸುತ್ತ ಕೂರಬೇಡಿ. ಎದೆಯ ನಡುವೆ ಎರಡೂ ಅಂಗೈ ಇಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿರಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮೈದಾನಕ್ಕೆ ಬರುವ ದಾರಿ, ಹತ್ತಿರದ ಗುರುತು ಬರೆದ ಚೀಟಿ ಮೈಕ್ ಹಿಡಿದವರ ಜೇಬಿನಲ್ಲಿರಲಿ. ಒಬ್ಬ ಹುಡುಗನನ್ನು ಟಾರ್ಚ್ ಕೊಟ್ಟು ರಸ್ತೆಯ ತಿರುವಿನಲ್ಲಿ ನಿಲ್ಲಿಸಿ.