ಸುದ್ದಿಗೂ ರಸೀದಿ ಕೇಳೋಣ

(ಈ ಪಾಠವನ್ನು ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಎಲ್ಲರೂ ಸೇರಿ ಚರ್ಚಿಸಿ)



ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ – ಯಾವ ಕಡೆಯ ಸಂಘವಾದರೂ ಸರಿ, ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದು, ಪುಸ್ತಕ ಮುಚ್ಚಿದ ಮೇಲೆ ಮಾತು ಫೋನಿನ ಕಡೆ ತಿರುಗುತ್ತದೆ. "ಅಕ್ಕಾ, ಈ ವಿಡಿಯೋ ನೋಡಿದ್ರಾ?" "ಕೇಕ್ ತಿಂದ್ರೆ ಕ್ಯಾನ್ಸರ್ ಬರುತ್ತಂತೆ." "ಲಸಿಕೆ ಹಾಕಿಸ್ಕೊಂಡವರಿಗೆ ಹಾರ್ಟ್ ಅಟ್ಯಾಕ್ ಆಗುತ್ತಂತೆ." "ಪಕ್ಕದ ಬೀದಿ ಹುಡುಗ ಗೇಮ್ ಆಡಿ ಸಾವಿರಗಟ್ಟಲೆ ಗೆದ್ದನಂತೆ." ಹೀಗೆ ಅಂತೆ ಕಂತೆಗಳು ಸಾಗುತ್ತವೆ.

ಮಾತನಾಡುವುದು ತಪ್ಪಲ್ಲ. ಹೊಸ ಹೊಸ ವಿಷಯ ತಿಳಿಯುವ ಆಸೆ ಒಳ್ಳೆಯದೇ. ಆದರೆ ಈ 'ಅಂತೆ'ಯನ್ನು ನಂಬಿ ಒಬ್ಬರು ಮಾತ್ರೆ ಬಿಟ್ಟರೆ, ಇನ್ನೊಬ್ಬರು ಮಗುವಿಗೆ ಲಸಿಕೆ ಹಾಕಿಸದೇ ಹೋದರೆ, ಮತ್ತೊಬ್ಬರು ಸಂಘದ ಸಾಲವನ್ನು ಗೇಮಿಗೆ ಹಾಕಿದರೆ ನಷ್ಟ ನಮ್ಮದೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಆ ಗಾದೆ ನಮ್ಮ ಬಗ್ಗೆ ಹೇಳಿದಂತೆ ಆಗಬಾರದು.

ಹಾಗಾದರೆ ಏನು ಮಾಡೋಣ? ನಾವು ವಿಜ್ಞಾನ ಓದಿದವರಲ್ಲ, ಇಂಗ್ಲಿಷ್ ಬರೋದಿಲ್ಲ ಅಂತ ಹಿಂಜರಿಯುವುದು ಬೇಡ. ಸುಳ್ಳು ನಿಜ ಅಳೆಯುವ ಕೆಲಸ ನಮಗೆ ಈಗಾಗಲೇ ಗೊತ್ತಿದೆ. ಸಂಘದಲ್ಲಿ ಯಾರಾದರೂ "ಬ್ಯಾಂಕಿಗೆ ಹೋಗಿ ಬರೋಕೆ ಇನ್ನೂರು ರೂಪಾಯಿ ಖರ್ಚಾಯ್ತು" ಅಂದರೆ ಹಾಗೇ ಬರೆದುಕೊಳ್ತೀವಾ? ಇಲ್ಲ. ರಸೀದಿ ಕೇಳ್ತೀವಿ. ರಸೀದಿಯಲ್ಲಿ ನಾಲ್ಕು ಸಾಲು ನೋಡ್ತೀವಿ: ತಾರೀಖು ಮತ್ತು ಊರು, ಸಹಿ, ಮೊತ್ತ, ಹಣ ಯಾರ ಕೈಗೆ ಹೋಯಿತು ಎಂಬುದು. ಈ ನಾಲ್ಕು ಸಾಲುಗಳನ್ನೇ ಫೋನಿಗೆ ಬಂದ ಸುದ್ದಿಯಲ್ಲೂ ಹುಡುಕೋಣ.

1. ತಾರೀಖು ಮತ್ತು ಊರು: ಇದು ಯಾವಾಗಿನದು, ಎಲ್ಲಿಯದು?

2018ರ ಮೇ ತಿಂಗಳಲ್ಲಿ "ಮಕ್ಕಳ ಕಳ್ಳರು ಬಂದಿದ್ದಾರೆ" ಎಂಬ ವಾಟ್ಸಾಪ್ ಸಂದೇಶ ಮತ್ತು ವಿಡಿಯೋಗಳು ನಮ್ಮ ಬೆಂಗಳೂರಿನ ಮನೆ ಮನೆಗೂ ಬಂದವು. ತಾಯಂದಿರು ಮಕ್ಕಳನ್ನು ಹೊರಗೆ ಬಿಡಲು ಹೆದರಿದರು. ಮೇ 23ರಂದು ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳನೆಂದು ತಿಳಿದು ಜನ ಹೊಡೆದು ಕೊಂದರು. ಅದೇ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟರೆಂಬ ಕಾರಣಕ್ಕೆ ಹೈದರಾಬಾದಿನ ಒಬ್ಬ ಇಂಜಿನಿಯರ್ ಪ್ರಾಣ ಕಳೆದುಕೊಂಡರು.

ಆಗ ಹರಿದಾಡಿದ ಒಂದು ವಿಡಿಯೋದಲ್ಲಿ ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಮ್ಮ ಊರಿನದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ್ದ ಜಾಗೃತಿ ಚಿತ್ರ ಅದು. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಆ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಯಾರೋ ಹರಿಯಬಿಟ್ಟಿದ್ದರು. ತಾರೀಖೂ ಇಲ್ಲ, ಊರೂ ಇಲ್ಲ. ರಸೀದಿ ಕೇಳಿದ್ದರೆ ಅಲ್ಲೇ ನಿಂತುಹೋಗುತ್ತಿತ್ತು.

ಈ ಸಾವುಗಳ ನಂತರ, 2018ರ ಜುಲೈನಲ್ಲಿ, ವಾಟ್ಸಾಪ್ ಕಂಪನಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳುಹಿಸಬಹುದು ಎಂದು ಮಿತಿ ಹಾಕಿತು. ಸಂದೇಶದ ಮೇಲೆ ಎರಡು ಬಾಣದ ಗುರುತು ಕಂಡರೆ, ಅದು ಕೈಯಿಂದ ಕೈಗೆ ಐದಕ್ಕಿಂತ ಕಡಿಮೆಯಿಲ್ಲದಷ್ಟು ಸಲ ದಾಟಿ ಬಂದಿದೆ ಎಂದರ್ಥ. ಬರೆದವರು ಯಾರೋ, ಕಳುಹಿಸಿದವರು ಯಾರೋ. ಆ ಗುರುತು ಕಂಡಲ್ಲಿ ನಮ್ಮ ಬೆರಳು ನಿಲ್ಲಲಿ.

2. ಸಹಿ: ಯಾರು ಪರೀಕ್ಷೆ ಮಾಡಿ ಹೇಳಿದರು?

2025ರ ಜೂನ್ ಕೊನೆ, ಜುಲೈ ಮೊದಲ ವಾರ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸಾಲು ಸಾಲು ಸಾವು ಎಂದು ಟಿ.ವಿ.ಯಲ್ಲಿ ದಿನವೂ ಬಂತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಭಯಪಟ್ಟು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲು ನಿಂತರು. ಕೋವಿಡ್ ಲಸಿಕೆಯೂ ಕಾರಣವಿರಬಹುದು ಎಂದು ಮುಖ್ಯಮಂತ್ರಿಗಳೇ ಸಂಶಯ ಹೇಳಿದರು. ಉದ್ಯಮಿಗಳು, ವೈದ್ಯರು, ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ದೊಡ್ಡ ವಾದವೇ ಆಯಿತು.

ಸಂಶಯ ಪಡುವುದು ತಪ್ಪಲ್ಲ. ಆದರೆ ಎಷ್ಟೇ ದೊಡ್ಡವರು ಹೇಳಿದರೂ ಸಂಶಯ ಸಂಶಯವೇ. ಪರೀಕ್ಷೆಯ ಫಲ ಬೇರೆ. ರಾಜ್ಯ ಸರ್ಕಾರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತ್ತು. ಚಿಕ್ಕ ವಯಸ್ಸಿನಲ್ಲಿ ಬರುವ ಹೃದಯದ ಕಾಯಿಲೆಗೂ ಕೋವಿಡ್ ಲಸಿಕೆಗೂ ಸಂಬಂಧ ಕಂಡುಬಂದಿಲ್ಲ ಎಂದು ಸಮಿತಿ ವರದಿ ಕೊಟ್ಟಿತು. ಜಯದೇವದಲ್ಲಿ ಪರಿಶೀಲಿಸಿದ 251 ರೋಗಿಗಳಲ್ಲಿ 111 ಮಂದಿ ಬೀಡಿ ಸಿಗರೇಟು ಸೇದುವವರು, 102 ಮಂದಿಗೆ ಬಿ.ಪಿ., 87 ಮಂದಿಗೆ ಸಕ್ಕರೆ ಕಾಯಿಲೆ. (ಒಬ್ಬರಿಗೇ ಎರಡು ಮೂರು ತೊಂದರೆ ಇರಬಹುದು.) 77 ಮಂದಿಯಲ್ಲಿ ಇಂಥ ಯಾವ ಕಾರಣವೂ ಸಿಗಲಿಲ್ಲ, ಅದನ್ನೂ ಮುಚ್ಚಿಡದೆ ಬರೆದರು. ಗೊತ್ತಾದದ್ದನ್ನು ಗೊತ್ತಾಯಿತು, ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎಂದು ಹೇಳುವ ವರದಿಯೇ ಸಹಿ ಇರುವ ರಸೀದಿ.

ಇದರಿಂದ ನಮಗೆ ಸಿಗುವ ಪಾಠ ಏನು? ಮನೆಯವರ ಬೀಡಿ, ನಮ್ಮ ಬಿ.ಪಿ., ನಮ್ಮ ಸಕ್ಕರೆ – ಇವೇ ನಾವು ಕೈ ಹಾಕಬಹುದಾದ ಕಾರಣಗಳು. ಲಸಿಕೆಯ ಬಗ್ಗೆ ವಿಡಿಯೋ ಕಳುಹಿಸುವ ಬದಲು ಹತ್ತಿರದ 'ನಮ್ಮ ಕ್ಲಿನಿಕ್' ಅಥವಾ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿ.ಪಿ. ನೋಡಿಸಿಕೊಂಡು ಬಂದರೆ ಉಪಯೋಗ ಜಾಸ್ತಿ.

3. ಮೊತ್ತ: ಎಷ್ಟರಲ್ಲಿ ಎಷ್ಟು?

ಭಯದ ಸುದ್ದಿಯೆಲ್ಲ ಸುಳ್ಳು ಅಂತಲೂ ತಿಳಿಯಬಾರದು. ಗೋಬಿ ಮಂಚೂರಿ, ಬಾಂಬೆ ಮಿಠಾಯಿ ಬಣ್ಣದ ಸುದ್ದಿ ನಿಜವೇ ಆಗಿತ್ತು. ಆಹಾರ ಸುರಕ್ಷತಾ ಇಲಾಖೆಯವರು ಗೋಬಿಯ 171 ಮಾದರಿ ತೆಗೆದು ಪರೀಕ್ಷಿಸಿದಾಗ 107ರಲ್ಲಿ ಹಾನಿಕರ ಕೃತಕ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯ 25ರಲ್ಲಿ 15 ಕೆಟ್ಟದ್ದು. ಬಟ್ಟೆಗೆ ಹಾಕುವ ರೊಡಮಿನ್-ಬಿ ಎಂಬ ಬಣ್ಣವೂ ಅದರಲ್ಲಿತ್ತು. 2024ರ ಮಾರ್ಚ್ 11ರಂದು ಸರ್ಕಾರ ಇವುಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಗೋಬಿಯನ್ನೇ ನಿಷೇಧಿಸಲಿಲ್ಲ, ಬಣ್ಣವನ್ನು ನಿಷೇಧಿಸಿತು.

ಅದೇ ವರ್ಷ ಅಕ್ಟೋಬರಿನಲ್ಲಿ "ಕೇಕ್‌ನಲ್ಲಿ ಕ್ಯಾನ್ಸರ್" ಎಂಬ ಸುದ್ದಿ ಬಂತು. ಅದಕ್ಕೂ ರಸೀದಿ ಇತ್ತು. ಆದರೆ ಮೊತ್ತ ನೋಡಿ: 235 ಮಾದರಿಯಲ್ಲಿ 223 ಸರಿ, 12 ಮಾತ್ರ ಸುರಕ್ಷಿತವಲ್ಲ. ಗೋಬಿಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು, ಕೇಕ್‌ನಲ್ಲಿ ನೂರಕ್ಕೆ ಐದು. ಫೋನಿನಲ್ಲಿ ಎರಡೂ ಒಂದೇ ಕೂಗು ಕೂಗಿದವು. ಮೊತ್ತ ಕೇಳಿದವರಿಗೆ ಮಾತ್ರ ವ್ಯತ್ಯಾಸ ಗೊತ್ತಾಯಿತು. ನಮ್ಮಲ್ಲಿ ಗೋಬಿ ಗಾಡಿ ಇಟ್ಟವರೂ ಮನೆಯಲ್ಲಿ ಕೇಕ್ ಮಾಡಿ ಮಾರುವವರೂ ಇದ್ದಾರೆ. ಅವರ ಹೊಟ್ಟೆಪಾಡೂ ಈ ಲೆಕ್ಕದಲ್ಲೇ ಇದೆ. ಬಣ್ಣ ಹಾಕದವರ ಗಾಡಿಯನ್ನು ನಮ್ಮ ಒಂದು ಫಾರ್ವರ್ಡ್ ಮುಚ್ಚಿಸಬಾರದು.

4. ಹಣ ಯಾರ ಕೈಗೆ?

ಈಗ ಗೇಮಿನ ಮಾತು. ಈ ಬಗ್ಗೆ ಎರಡು ತುದಿಯ ಅಭಿಪ್ರಾಯ ಕೇಳ್ತೀವಿ. ಒಂದು, "ಗೇಮ್ ಆಡಿದ ಮಗು ಕೆಟ್ಟೇಹೋಯ್ತು." ಇನ್ನೊಂದು, "ತಲೆ ಇದ್ದವರು ಗೇಮಲ್ಲೇ ದುಡೀತಾರೆ."

ಮೊದಲನೆಯದಕ್ಕೆ ಉತ್ತರ: ಆಟ ಆಡಿದವರೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಗೇಮಿಂಗ್ ಚಟ'ವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದಾಗಲೂ, ಆಟದ ಮೇಲೆ ಹಿಡಿತ ತಪ್ಪಿ, ಓದು ಊಟ ನಿದ್ದೆಗಿಂತ ಆಟವೇ ದೊಡ್ಡದಾಗಿ, ಕೆಡುಕಾದರೂ ಬಿಡಲಾಗದೆ, ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹಾಗೇ ಇದ್ದರೆ ಮಾತ್ರ ಅದು ಕಾಯಿಲೆ ಎಂದಿತು. ಅರ್ಧ ಗಂಟೆ ಆಡಿದ ಮಗುವಿಗೆ ಹೊಡೆಯಬೇಕಿಲ್ಲ.

ಎರಡನೆಯದಕ್ಕೆ ಲೆಕ್ಕವೇ ಉತ್ತರ. ಹಣ ಕಟ್ಟಿ ಆಡುವ ರಮ್ಮಿಯಂಥ ಆಟ ಜಾಣ್ಮೆಯೋ ಜೂಜೋ ಎಂದು ನಮ್ಮ ರಾಜ್ಯದಲ್ಲೇ ದೊಡ್ಡ ವ್ಯಾಜ್ಯ ನಡೆಯಿತು. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ ಇಂಥ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಜಾಣ್ಮೆಯ ಆಟವನ್ನು ಜೂಜೆನ್ನಲಾಗದು ಎಂಬ ವಾದಕ್ಕೆ ಬೆಲೆ ಸಿಕ್ಕಿ, 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ಕಾನೂನಿನ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾಯಿದೆ ಮಾಡಿತು. ಜಾಣ್ಮೆಯೋ ಅದೃಷ್ಟವೋ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟವೆಲ್ಲ ನಿಷೇಧ ಎಂದು ಅದು ಹೇಳುತ್ತದೆ. ವರ್ಷಕ್ಕೆ ಸುಮಾರು 45 ಕೋಟಿ ಜನ 20 ಸಾವಿರ ಕೋಟಿ ರೂಪಾಯಿಯಷ್ಟು ಕಳೆದುಕೊಳ್ಳುತ್ತಾರೆಂಬುದು ಆಗ ಸರ್ಕಾರ ಕೊಟ್ಟ ಅಂದಾಜು. ಕಂಪನಿಗಳು ಈ ಕಾಯಿದೆಯ ವಿರುದ್ಧವೂ ಕೋರ್ಟಿಗೆ ಹೋದವು.

ಕೋರ್ಟಿನ ವಾದ ಅಲ್ಲಿರಲಿ. ನಾವು ನಮ್ಮ ಪುಸ್ತಕದಲ್ಲಿ ಲೆಕ್ಕ ಹಾಕೋಣ. ಹತ್ತು ಜನ ತಲಾ 1,000 ರೂಪಾಯಿ ಹಿಡಿದು ಆಡಲು ಕೂತರು ಅನ್ನಿ. ಒಟ್ಟು 10,000. ಪ್ರತಿ ಆಟಕ್ಕೆ ತಲಾ 100 ಹಾಕಿದರೆ 1,000 ಆಯಿತು. ಆ್ಯಪ್ ತನ್ನ ಪಾಲು 100 ಹಿಡಿದು ಗೆದ್ದವರಿಗೆ 900 ಕೊಡುತ್ತದೆ. ಹತ್ತು ಆಟ ಮುಗಿದರೆ ಆ್ಯಪ್‌ಗೆ 1,000. ಐವತ್ತು ಆಟ ಮುಗಿದರೆ 5,000, ಅಂದರೆ ಅರ್ಧ ಹಣ. ಯಾರೇ ಜಾಣರಿರಲಿ, ಯಾರೇ ಗೆಲ್ಲಲಿ, ಆ ಅರ್ಧ ಮತ್ತೆ ಹತ್ತು ಜನರ ಕೈಗೆ ಬರೋದಿಲ್ಲ. ಅದೇ 10,000ವನ್ನು ಸಂಘದಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಸಾಲ ಕೊಟ್ಟರೆ ತಿಂಗಳಿಗೆ 200 ಬಡ್ಡಿ ನಮ್ಮ ಪೆಟ್ಟಿಗೆಗೇ ಬರುತ್ತದೆ. ಹಣ ಯಾರ ಕೈಗೆ ಎಂಬ ಒಂದು ಪ್ರಶ್ನೆ ಸಾಕು.

ನಿಷೇಧ ಬಂದ ಮಾತ್ರಕ್ಕೆ ಮೋಸ ನಿಲ್ಲೋದಿಲ್ಲ. ಗುರುತಿಲ್ಲದವರು ಕಳುಹಿಸಿದ ಲಿಂಕ್ ಒತ್ತಬೇಡಿ, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ, ಓ.ಟಿ.ಪಿ. ಹೇಳಬೇಡಿ.

ಮನೆಯಲ್ಲಿ ಮಗನೋ ಗಂಡನೋ ಇದರಲ್ಲಿ ಸಿಕ್ಕಿಕೊಂಡಿದ್ದರೆ ಮರ್ಯಾದೆ ಹೋಗುತ್ತೆ ಅಂತ ಮುಚ್ಚಿಡಬೇಡಿ. ಮುಚ್ಚಿಟ್ಟ ಸಾಲ ಬೆಳೆಯುತ್ತದೆ. 2025ರ ಕಾಯಿದೆ ಶಿಕ್ಷೆ ಇಟ್ಟಿರುವುದು ಆಡಿಸಿದವರಿಗೆ, ಜಾಹೀರಾತು ಮಾಡಿದವರಿಗೆ, ಆಡಿ ಕಳೆದುಕೊಂಡವರಿಗಲ್ಲ. ಆದ್ದರಿಂದ ದೂರು ಕೊಡಲು ಹೆದರಬೇಕಿಲ್ಲ. ಫೋನಿನಲ್ಲಿ ಹಣ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮನಸ್ಸಿನ ಸಂಕಟಕ್ಕೆ, ಸಾಯುವ ಯೋಚನೆ ಬಂದರೆ 'ಟೆಲಿ ಮಾನಸ್' 14416. ಇದು ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಫೋನ್ ಮತ್ತು ಗೇಮಿನ ಚಟಕ್ಕೆಂದೇ ನಮ್ಮ ನಿಮ್ಹಾನ್ಸ್ ಆಸ್ಪತ್ರೆ 2014ರಲ್ಲಿ 'ಷಟ್ ಕ್ಲಿನಿಕ್' ಎಂಬ ಪ್ರತ್ಯೇಕ ಚಿಕಿತ್ಸಾ ವಿಭಾಗ ತೆರೆಯಿತು.

ಗುಂಪಿನಲ್ಲಿ ಚರ್ಚಿಸಿ

• ಈ ವಾರ ನಿಮ್ಮ ಫೋನಿಗೆ ಬಂದ ಒಂದು ಭಯದ ಸುದ್ದಿಯನ್ನು ತೆಗೆದುಕೊಳ್ಳಿ. ನಾಲ್ಕು ಸಾಲಿನಲ್ಲಿ ಯಾವುದು ಇದೆ, ಯಾವುದು ಇಲ್ಲ?

• "ಮೊಬೈಲ್ ಟವರ್ ಇದ್ದರೆ ಕ್ಯಾನ್ಸರ್ ಬರುತ್ತೆ" ಎಂದು ಬೀದಿಯಲ್ಲಿ ಮಾತು ಬಂದಿದೆ ಎನ್ನಿ. ಸಹಾಯಕ್ಕೆ ಎರಡು ವಿಷಯ: ಟವರ್ ಮತ್ತು ಫೋನಿನ ಅಲೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ 'ಕಾರಣವಿರಬಹುದು, ಸಾಕ್ಷಿ ಕಡಿಮೆ' ಎಂಬ ಗುಂಪಿಗೆ ಸೇರಿಸಿತು. 2012ರಲ್ಲಿ ನಮ್ಮ ದೇಶ ಟವರ್ ಅಲೆಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಈ ಎರಡನ್ನೂ ಇಟ್ಟುಕೊಂಡು 'ಬರುತ್ತೆ' ಎನ್ನುವುದಕ್ಕೂ 'ಇರಬಹುದು' ಎನ್ನುವುದಕ್ಕೂ ಇರುವ ವ್ಯತ್ಯಾಸ ಮಾತನಾಡಿ.

• ಸಂಘದ ಸಾಲ ಕೊಡುವಾಗ 'ಯಾತಕ್ಕೆ' ಎಂದು ಕೇಳ್ತೀವಿ. ಕೊಟ್ಟ ಮೇಲೆ ಅದಕ್ಕೇ ಖರ್ಚಾಯಿತೇ ಎಂದು, ಯಾರ ಮನಸ್ಸೂ ನೋಯದಂತೆ, ಹೇಗೆ ವಿಚಾರಿಸೋಣ?

ನಮ್ಮ ತೀರ್ಮಾನ

ನಡಾವಳಿ ಪುಸ್ತಕದಲ್ಲಿ ಈ ಮಾತನ್ನು ಬರೆದು ಎಲ್ಲರೂ ಸಹಿ ಮಾಡಿ: "ರಸೀದಿ ಇಲ್ಲದ ಖರ್ಚನ್ನು ಪುಸ್ತಕಕ್ಕೆ ಬರೆಯುವುದಿಲ್ಲ. ರಸೀದಿ ಇಲ್ಲದ ಸುದ್ದಿಯನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕುವುದಿಲ್ಲ. ಯಾರಾದರೂ ತಿಳಿಯದೆ ಹಾಕಿದರೆ ಅವರನ್ನು ಹೀಯಾಳಿಸದೆ, ನಾಲ್ಕು ಸಾಲು ಸೇರಿ ಹುಡುಕುತ್ತೇವೆ."

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಅವರ ಕಾಲದಲ್ಲಿ ಫೋನ್ ಇರಲಿಲ್ಲ, ಆದರೂ ಮಾತು ಇಂದಿಗೂ ಸಲ್ಲುತ್ತದೆ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಾವು ರಸೀದಿ ಕೇಳಿದ ಒಂದು ಸುದ್ದಿಯನ್ನು ತನ್ನಿ.